ಹಿಂದಿನ ಎಡ ಟೈರಿನ ಮೊಕದ್ದಮೆ

ನನಗೆ ಟೋಪಿ ಹಾಕುವ ಟೈರು ಅಂಗಡಿಯವನು ಇನ್ನೂ ಹುಟ್ಟಿಲ್ಲ! ಹೀಗೆಂದು ಹೆಂಡತಿಯ ಎದುರು ಘೋಷಿಸಿಯೇ ನಾನು ಮನೆಯಿಂದ ಹೊರಟದ್ದು. ಮನೆಯಿಂದ ಅಂದೆನೇ? ತಪ್ಪು, ಮನೆಸಮೇತ ಹೊರಟೆ. ಮಂಚ, ಒಲೆ, ಬಚ್ಚಲು ಎಲ್ಲವನ್ನೂ ಹೊತ್ತು ಓಡುವ ನಮ್ಮ ಮನೆಗಾಡಿಗೇ ಹೊಸ ಟೈರು ಬೇಕಾಗಿತ್ತು. ನಾಲ್ಕೂ ಹಳೆಯವು, ಆದರೆ ಹಿಂದಿನ ಎಡಗಡೆಯದು ಮಾತ್ರ ಬೋಳುತಲೆಯಾಗಿ, ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು.

ಕಾರಣ ನಾನಾಗಲೇ ಪತ್ತೆ ಮಾಡಿದ್ದೆ. ವಾರವಾರ ಪತ್ರಿಕೆಯಲ್ಲಿ ಅನ್ಯಾಯವನ್ನು ಜಾಲಾಡುವ ಅಂಕಣಕಾರನಿಗೆ ಒಂದು ಟೈರು ಯಾವ ಲೆಕ್ಕ?

"ನಿನ್ನ ಹೊಲಿಗೆ ಯಂತ್ರ ಕಣೇ! ಎಡಗಡೆ ಮೂಲೆಯಲ್ಲಿ ಕಬ್ಬಿಣದ ಆನೆ ಕಟ್ಟಿಹಾಕಿದ್ದೀಯ. ಇಳಿಸು!"

"ಇಳಿಸಿದ್ರೆ ಶಾಲೆ ನಾಟಕದ ಬಟ್ಟೆ ಹೊಲಿಯೋದು ಯಾರ್ರೀ, ನಿಮ್ಮ ಅಂಕಣಾನಾ? ಒಪ್ಕೊಂಡಿದ್ದೀನಿ. ಮುಂದಿನ ಊರಲ್ಲಿ ರಾಜ, ಮಂತ್ರಿ, ಸೈನಿಕರೆಲ್ಲಾ ಚಡ್ಡಿಯಲ್ಲಿ ನಿಂತಿರ್ತಾರೆ!"

"ರಾಜ ಚಡ್ಡಿಯಲ್ಲಿ ನಿಂತರೆ ನಿಲ್ಲಲಿ, ಗಾಡಿ ನಡುದಾರಿಯಲ್ಲಿ ನಿಲ್ಲಬಾರದು. ತೂಕ ಹಾಕಿಸೋಣ. ಯಾರ ಸಾಮಾನಿನದು ತಪ್ಪೋ ಅದು ಇಳೀಬೇಕು. ನ್ಯಾಯ ಅಂದ್ರೆ ನ್ಯಾಯ!"

"ಆಗಲಿ" ಎಂದಳು. ಇಷ್ಟು ಬೇಗ ಒಪ್ಪಿದಾಗಲೇ ನಾನು ಹೆದರಬೇಕಿತ್ತು.

ಅಂಗಡಿಯ ಮಾಲೀಕ ಫಳಫಳ ಹೊಳೆಯುವ ಟೈರು ಉರುಳಿಸಿಕೊಂಡು ಬಂದ. "ಫ್ರೆಶ್ ಮಾಲು ಸಾರ್! ಈಗಷ್ಟೇ ಇಳಿದಿದ್ದು!"

ನಾನು ಮಂಡಿಯೂರಿ, ಕರವಸ್ತ್ರದಿಂದ ಟೈರಿನ ಪಕ್ಕೆ ಒರೆಸಿದೆ. ಯಾವ ವರ್ಷ, ಎಷ್ಟನೇ ವಾರ ತಯಾರಾಯಿತೆಂದು ಅಲ್ಲಿ ಅಂಕಿಗಳಲ್ಲಿ ಒತ್ತಿರುತ್ತಾರೆ. ಸಿಕ್ಕಿಬಿದ್ದ!

"ಇಳಿದಿದ್ದು ಈಗಿರಬಹುದು ಸ್ವಾಮಿ, ಹುಟ್ಟಿ ಏಳು ವರ್ಷವಾಗಿದೆ! ಇದನ್ನ ಶಾಲೆಗೆ ಸೇರಿಸಿ, ಗಾಡಿಗಲ್ಲ!"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ತಮ್ಮತಮ್ಮ ಟೈರು ನೋಡಿಕೊಳ್ಳತೊಡಗಿದರು. ಮಾಲೀಕ ಒಳಗೆ ಹೋಗಿ ನಾಲ್ಕು ಎಳೆಗೂಸುಗಳನ್ನು ಹೊರತಂದ. ಜಯಭೇರಿ! ಒಂದು ಅಂಗಡಿಯೇ ಶುದ್ಧವಾಯಿತು!

"ಎಷ್ಟು ಭಾರ ಹೊರಬೇಕು ಸಾರ್? ಅದಕ್ಕೆ ತಕ್ಕದ್ದೇ ಹಾಕಬೇಕು."

"ತೂಗಿ!" ಎಂದೆ, ಸಿಂಹಾಸನದಿಂದ ಅಪ್ಪಣೆ ಕೊಟ್ಟಂತೆ.

ಒಂದೊಂದು ಚಕ್ರದಡಿಗೂ ತೂಕದ ಹಲಗೆ ಇಟ್ಟರು. ಹಿಂದಿನ ಎಡಗಡೆಯದು ಒಂದು ಟೈರು ಹೊರಬಲ್ಲ ಮಿತಿ ಮೀರಿತ್ತು. "ನೋಡಿದ್ಯಾ!" ಎಂದು ಕುಣಿದೆ. ನಾನೂ ಮಾಲೀಕನೂ ಏದುಸಿರು ಬಿಡುತ್ತಾ ಹೊಲಿಗೆ ಯಂತ್ರ ಇಳಿಸಿದೆವು. ಅಂಕಿ ಚೂರೇ ಚೂರು ಇಳಿದು, ಮಿತಿಯ ಮೇಲೆಯೇ ಪಟ್ಟು ಹಿಡಿದು ಕೂತಿತು.

ಹೆಂಡತಿ ಗಾಡಿ ಹತ್ತಿ, ಎಡಗಡೆಯ ಮಂಚದ ಹಲಗೆ ಎತ್ತಿದಳು.

ಅಡಿಯಲ್ಲಿ ಕಟ್ಟುಕಟ್ಟು ಪತ್ರಿಕೆ! ಪ್ರತಿ ಅಂಕಣದ ಹತ್ತತ್ತು ಪ್ರತಿ, ಯಾರಾದರೂ ಕೇಳಿದರೆ ಕೊಡಲೆಂದು ನಾನೇ ಜೋಡಿಸಿಟ್ಟದ್ದು. ಇನ್ನೂ ಯಾರೂ ಕೇಳಿರಲಿಲ್ಲ.

ಕಟ್ಟುಗಳು ಇಳಿದಂತೆ ಅಂಕಿ ದಡದಡನೆ ಇಳಿಯಿತು. ಯಂತ್ರ ಮತ್ತೆ ಮೇಲೇರಿದರೂ ಮಿತಿ ದಾಟಲಿಲ್ಲ. ಮಾಲೀಕ ಒಂದು ಪತ್ರಿಕೆ ಎತ್ತಿಕೊಂಡು, ಕರವಸ್ತ್ರದಿಂದ ಒರೆಸಿ, ತಾರೀಕು ಓದಿದ. "ಇದು ಹನ್ನೊಂದು ವರ್ಷದ ಹಳೇ ಮಾಲು ಸಾರ್!"

ಹೊಸ ಟೈರು ಕೂತವು. ನಾಟಕದ ರಾಜನ ಮಾನ ಉಳಿಯಿತು. ಕಟ್ಟುಗಳನ್ನು ಅಂಗಡಿಯಲ್ಲೇ ಬಿಟ್ಟು ಹೊರಡುವಾಗ ಹೆಂಡತಿಯೇ ಕೂಗಿದಳು, "ರೀ, ಒಂದು ಕಟ್ಟು ಇರಲಿ ಬಿಡಿ."

ನನ್ನ ಎದೆ ಉಬ್ಬಿತು. ಕೊನೆಗೂ ಒಬ್ಬಳು ಓದುಗಿ!

ಸಂಜೆ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದೆವು. ಅವಳು ಆ ಕಟ್ಟು ತಂದು, ಕಾಲಿನಿಂದ ಒದ್ದು ಒದ್ದು, ಚಕ್ರಕ್ಕೆ ಅಡ್ಡ ಸಿಕ್ಕಿಸಿದಳು. ಗಾಡಿ ಕದಲಲಿಲ್ಲ.

ಲಂಚ, ಕಲಬೆರಕೆ, ಮೋಸ ಎಂದು ಇಷ್ಟು ವರ್ಷ ಗುಡುಗಿದ್ದೇನೆ, ಒಂದೂ ನಿಂತಿರಲಿಲ್ಲ. ಅಂದು ಮೊದಲ ಬಾರಿಗೆ ನನ್ನ ಬರಹ ಏನನ್ನೋ ತಡೆದು ನಿಲ್ಲಿಸಿತ್ತು!