ಮೂಲೆಯ ಹೂಂ

ನರೇಶ ನಾಯ್ಕನ ತಂದೆ ಬದುಕಿದ್ದಷ್ಟು ಕಾಲ ಯಾವ ಪ್ರಶ್ನೆಗೂ ಕೊಡುತ್ತಿದ್ದ ಉತ್ತರ ಒಂದೇ: ಒಳಕೋಣೆಯ ಮೂಲೆಯ ಮಂಚದಿಂದ ಉದ್ದನೆಯ ‘ಹೂಂ’. ೨೦೦೩ರ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸತ್ತವರ ಹಾಸಿಗೆ ಮನೆಯಲ್ಲಿಡಬಾರದೆಂಬ ಊರ ರೂಢಿಯಂತೆ ಅವರ ಹಾಸಿಗೆಯನ್ನೂ ಹೊರಹಾಕಿದ್ದಾಯಿತು. ಸೂತಕ ಕಳೆದ ಮೇಲೆ ನರೇಶ ಅದೇ ಕೋಣೆಯಲ್ಲಿ ಸಬ್‌ವೂಫರ್ ಹಚ್ಚಿ ತಬಲಾದ ಸಿ.ಡಿ. ಹಾಕಿದ. ಎಡಗೈಯ ದಪ್ಪ ದನಿಯ ಡಗ್ಗದ ಪೆಟ್ಟು ಬಿದ್ದಾಗಲೆಲ್ಲ ಮೂಲೆ ಹೇಳಿತು: ‘ಹೂಂ…’

ಭಟ್ಕಳದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ನರೇಶನಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. ಕೋಣೆ ಚೌಕ, ಗೋಡೆಗಳು ಗಟ್ಟಿ ಕೆಂಪು ಚಿರೆಕಲ್ಲಿನವು. ತಗ್ಗಿನ ಸ್ವರ ಗೋಡೆಯಿಂದ ಗೋಡೆಗೆ ಅಪ್ಪಳಿಸಿ, ಮೂಲೆಯಲ್ಲಿ ಗುಡ್ಡೆಯಾಗಿ, ಪೆಟ್ಟು ಮುಗಿದ ಮೇಲೂ ಕೂತುಬಿಡುತ್ತದೆ, ಊಟವಾದರೂ ಏಳದ ನೆಂಟನ ಹಾಗೆ. ಇಷ್ಟು ದಿನ ಅದನ್ನು ನುಂಗುತ್ತಿದ್ದದ್ದು ಅಪ್ಪನ ದಪ್ಪ ಹತ್ತಿಯ ಹಾಸಿಗೆ.

ಪಕ್ಕದ ಮನೆಯ ಮಾಬ್ಲನಿಗೆ ಬೇರೆಯೇ ಕಾರಣ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು ಅದನ್ನು ತಿಳಿಸಿದ.

“ನಿನ್ನಪ್ಪ ಇನ್ನೂ ದಾಟ್ಲಿಲ್ಲ ಮಾರಾಯ. ದೆವ್ವ ಬಿಡ್ಸೂ ಗಾಡಿಗಂಗೆ ಹೇಳಿ ಬಂದೆ. ನಾಳೆ ಬತ್ತಾ. ಹುಂಜ ಒಂದು ನೀನು ನೋಡು.”

ಇರುವೆಗೂ ನೋವು ಮಾಡದ ಅಪ್ಪನನ್ನು ಯಾರೋ ಪೊರಕೆ ಬೀಸಿ ಓಡಿಸುವುದು ನರೇಶನಿಗೆ ಸುತರಾಂ ಒಪ್ಪಿಗೆಯಾಗಲಿಲ್ಲ. ಸಂಜೆಯೊಳಗೆ ಶಬ್ದ ನಿಂತರೆ ಗಾಡಿಗ ಬರಕೂಡದೆಂದು ಪಂಥ ಕಟ್ಟಿದ. ಮಾಬ್ಲ “ಆತು” ಎಂದ. ಒಳಗೆ ತಾಯಿ ದೇವಿ ಅಕ್ಕಿ ಆರಿಸುತ್ತಲೇ ಇದ್ದಳು.

ನರೇಶ ಮನೆಮನೆಗೆ ಹೋಗಿ ಹತ್ತಿಯ ಹಾಸಿಗೆ ಬೇಡಿ ತಂದ. ಒಂದನ್ನು ಮೂಲೆಗೆ ನಿಲ್ಲಿಸಿದ, ‘ಹೂಂ’ ಕದಲಲಿಲ್ಲ. ಇನ್ನೊಂದಿಟ್ಟ; ಧ್ವನಿ ತುಸು ಕೆಮ್ಮಿದಂತಾಯಿತು. ಮೂರನೆಯದು ಮಗುಚಿ ಅವನನ್ನೇ ಅಡಿಗೆ ಹಾಕಿಕೊಂಡಿತು.

ಹಾಡುಹಗಲಲ್ಲಿ ದೂರದಿಂದ ಅವನ ತಲೆಯ ಮೇಲೆ ಹಾಸಿಗೆ ಕಂಡ ಕೇರಿಯವರು ತಮ್ಮ ಲೆಕ್ಕ ಹಾಕಿಕೊಂಡರು: ಆ ಮನೆಯಲ್ಲಿ ಇನ್ನೊಂದು ಸಾವು. ದೇವಿಯೇ ಹೋದಳೆಂದು ದಾರಿಯಿಂದಲೇ ಅಳುತ್ತ ಬಂದ ಕೆಳಕೇರಿಯ ಬಂಗಾರಿಗೆ ಬಾಗಿಲಲ್ಲಿ ನೀರು ಕೊಟ್ಟವಳು ಸ್ವತಃ ದೇವಿ. “ಹಂಗಾರೆ ಹೋದದ್ದು ಯಾರು?” ಎಂದು ಬಂಗಾರಿ ನಿರಾಶೆಯಿಂದ ಕೇಳಿದಳು. ಬಂದದ್ದು ಬಂದಾಯಿತೆಂದು ಕೂತಳು. ಮಧ್ಯಾಹ್ನದ ಹೊತ್ತಿಗೆ ಜಗಲಿ ತುಂಬಿತು. ತನ್ನ ಸಾವಿಗೆ ಬಂದವರಿಗೆ ದೇವಿ ತಾನೇ ಚಾ ಸೋಸುತ್ತ ಕೂತಳು.

ಸಂಜೆ ನರೇಶ ಹಾಸಿಗೆಗಳನ್ನು ಗೋಡೆಯಿಂದ ಗೇಣು ದೂರ ಸರಿಸಿ, ಮಾಡಿನವರೆಗೂ ಒಟ್ಟಿ, ಸಿ.ಡಿ. ಹಾಕಿದ. ಡಗ್ಗ ‘ದುಂ’ ಎಂದಿತು, ಅಲ್ಲಿಗೇ ನಿಂತಿತು. ಮಾಬ್ಲ ಮೂಲೆಗೆ ಕಿವಿಗೊಟ್ಟು, ಒಲ್ಲದ ಮನಸ್ಸಿನಿಂದ ಸೋಲೊಪ್ಪಿದ.

ಆಗ ಬಾಗಿಲಲ್ಲಿದ್ದ ದೇವಿ ಅಳತೊಡಗಿದಳು.

“ಅವ್ರು ಹೋದ್ರು. ಈಗ ಹೋದ್ರು.”

ವಿಷಯ ಆಮೇಲೆ ಹೊರಬಿತ್ತು. ಮಗ ಕೆಲಸಕ್ಕೆ ಹೋದ ಮೇಲೆ ಅವಳು ದಿನವೂ ಅದೇ ಸಿ.ಡಿ. ಹಾಕಿ, ಸಾರಿಗೆ ಎಂತ ಮೀನು, ಯಾವ ಕೋಳಿ ಕಾವಿಗೆ, ಎಲ್ಲವನ್ನೂ ಮೂಲೆಯ ಹತ್ತಿರ ಕೇಳುತ್ತಿದ್ದಳು. ಮೂಲೆ ಒಮ್ಮೆಯೂ ಉತ್ತರ ತಪ್ಪಿಸಿರಲಿಲ್ಲ. ಬೆಳಗಿನಿಂದ ತಡೆದಿಟ್ಟಿದ್ದ ಬಂಗಾರಿಯ ಅಳುವಿಗೆ ಕೊನೆಗೂ ಒಂದು ಸಾವು ಸಿಕ್ಕಿತು.

“ಮಾಬ್ಲಾ, ಗಾಡಿಗ ನಾಳೆ ಬರ್ಲಿ,” ದೇವಿ ಹೇಳಿದಳು. “ಓಡ್ಸೂಕಲ್ಲ. ಕರೂಕೆ.”

ನರೇಶ ಹಾಸಿಗೆಗಳನ್ನು ಎಳೆದು ಹೊರಗೆಸೆದ. ಮುಂದಿನ ಪೆಟ್ಟಿಗೇ ಮೂಲೆ ‘ಹೂಂ…’ ಎಂದಿತು.

ಮಾಬ್ಲ ಕೈಮುಗಿದ. “ಕಂಡ್ರ್ಯಾ? ಗಾಡಿಗನ ಹೆಸ್ರು ಹೇಳಿದ್ದಕ್ಕೇ ತಿರುಗಿ ಬಂದ್ರು. ನಾಳೆ ಒಂದು ಹುಂಜ ಸಾಕಾಗೂದಿಲ್ಲ.”

ಚೌಕ ಕೋಣೆ, ಚಿರೆಕಲ್ಲು, ಹತ್ತಿ ಎಂದು ನರೇಶ ಮತ್ತೆ ಮೊದಲಿನಿಂದ ಶುರುಮಾಡಿದ. ದೇವಿ ಕಣ್ಣೊರೆಸಿಕೊಂಡು ಮೂಲೆಯ ಕಡೆ ತಿರುಗಿದಳು.

“ಕೇಳ್ತಾ? ಈ ಮಗ ಓದಿದ್ದು ಜಾಸ್ತಿ ಆತು, ಅಲ್ದಾ?”

ಡಗ್ಗದ ಪೆಟ್ಟು ಬಿತ್ತು.

‘ಹೂಂ…’