ಹವಳಕ್ಕೊಂದು ಸಿಲಿಂಡರ್

ಸಮುದ್ರವಿಲ್ಲದ ಸಾಂಗಲಿಯಲ್ಲಿ ಹವಳ ಸಾಕುವವನಿಗೆ ಫಜೀತಿಗಳು ತಪ್ಪಿದ್ದಲ್ಲ. ನಾನು ಅರಿಶಿನದ ವ್ಯಾಪಾರಿ. ವಿಶ್ರಾಮಬಾಗದ ನಮ್ಮ ಮನೆಯ ಪಡಸಾಲೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯಿದೆ, ಅದರೊಳಗೆ ಜೀವಂತ ಹವಳಗಳಿವೆ. ಅವು ಬೆಳೆಯಲು ಸುಣ್ಣದ ಅಂಶ ಬೇಕು. ಪಕ್ಕದ ಕೊಳವೆಯಲ್ಲಿ ಸುಣ್ಣದ ಕಲ್ಲಿನ ಚೂರು ತುಂಬಿ, ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡನ್ನು ಗುಳ್ಳೆಗುಳ್ಳೆಯಾಗಿ ಬಿಟ್ಟರೆ ಕಲ್ಲು ಕರಗಿ ನೀರಿಗೆ ಸೇರುತ್ತದೆ. ಗ್ಯಾಸು ನಿಂತರೆ ಹವಳ ಸೊರಗುತ್ತದೆ. ಹವಳ ಸೊರಗಿದರೆ ನನಗೂ ಅನ್ನ ಸೇರುವುದಿಲ್ಲ.

೧. ಉಂಗುರ

ಸಿಲಿಂಡರ್ ತುಂಬಿಸಲು ಕುಪವಾಡಕ್ಕೆ ಹೋದೆ. ಗ್ಯಾಸಿನ ಅಂಗಡಿಯವರು ಸೋಡಾಕ್ಕೋ ವೆಲ್ಡಿಂಗಿಗೋ ಎಂದು ಕೇಳಿದರು. ಹವಳಕ್ಕೆ ಎಂದೆ. ಉಂಗುರದಲ್ಲಿ ಹಾಕಿಸುತ್ತಾರಲ್ಲ, ಅದೇ ಹವಳವೇ ಎಂದರು. ಅದೇ ಜಾತಿಯದು, ಆದರೆ ನಮ್ಮದಕ್ಕೆ ಜೀವವಿದೆ, ಬೆಳೆಯುತ್ತದೆ ಎಂದೆ.

ಅವರು ಒಂದು ಗಳಿಗೆ ತಮ್ಮ ಬೆರಳನ್ನೇ ನೋಡಿಕೊಂಡರು. ಆಮೇಲೆ ಹವಳದ ಉಂಗುರವನ್ನು ಮೆಲ್ಲಗೆ ಬಿಚ್ಚಿ ಗಲ್ಲಾಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು.

೨. ಮೋಸಂಬಿ

ತುಂಬಿದ ಸಿಲಿಂಡರನ್ನು ಸ್ಕೂಟರಿನಲ್ಲಿ ಕಾಲ ನಡುವೆ ಇಟ್ಟುಕೊಂಡು ಮನೆಗೆ ತಂದೆ. ಪಕ್ಕದ ಮಿರಜ ಎಂದರೆ ದವಾಖಾನೆಗಳ ಊರು. ಹಾಗಾಗಿ ಸಿಲಿಂಡರ್ ಒಳಗೆ ಹೋದ ಮನೆಯಲ್ಲಿ ಯಾರೋ ಮಲಗಿದ್ದಾರೆ ಎಂದೇ ನಮ್ಮ ಓಣಿಯವರ ಲೆಕ್ಕ. ಎದುರುಮನೆಯ ಕಾಕಾ ಒಂದು ಚೀಲ ಮೋಸಂಬಿ ಹಿಡಿದು ಬಂದು, ಆಕ್ಸಿಜನ್ ಯಾರಿಗೆ ಎಂದು ದನಿ ತಗ್ಗಿಸಿ ಕೇಳಿದರು.

ನಮ್ಮ ಮನೆಯಲ್ಲಿ ಯಾರಿಗೂ ಆರಾಮ ತಪ್ಪಿಲ್ಲ ಎಂದು ಹೇಳಿ ಅವರನ್ನು ತೊಟ್ಟಿಯ ಮುಂದೆ ಕೂರಿಸಿದೆ, ಎಲ್ಲವನ್ನೂ ವಿವರಿಸಿದೆ. ಮೋಸಂಬಿಯನ್ನೂ ಒತ್ತಾಯದಿಂದ ವಾಪಸ್ ಕೊಟ್ಟೆ. ಕಾಕಾ ಹವಳಗಳನ್ನು ಬಹಳ ಹೊತ್ತು ನೋಡಿದರು. ಹೊಸ್ತಿಲು ದಾಟುವಾಗ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಯಾತಕ್ಕೂ ಒಮ್ಮೆ ಮಿರಜಿನ್ಯಾಗ ತೋರಿಸಿಬಿಡಪಾ."

೩. ಹೊತ್ತು ಮುಳುಗಿದ ಮೇಲೆ

ಕೆಲವು ವಾರಗಳಲ್ಲಿ ಹವಳಗಳು ನಿಜವಾಗಿಯೂ ಸೊರಗತೊಡಗಿದವು. ಕೊಳವೆ ತೊಳೆದೆ, ಕಲ್ಲು ಬದಲಿಸಿದೆ. ಗ್ಯಾಸೇ ಖೊಟ್ಟಿ ಎಂದು ಸಿಲಿಂಡರ್ ಹೊತ್ತು ಕುಪವಾಡಕ್ಕೆ ಹೋಗಿ ಜಗಳಾಡಿದೆ. ಅವರು ತೂಗಿ ನೋಡಿ, ಗ್ಯಾಸು ಇನ್ನೂ ಬೇಕಾದಷ್ಟಿದೆ, ನಿಮ್ಮ ಹವಳವೇ ಉಪವಾಸ ಹಿಡಿದಂತಿದೆ ಎಂದರು.

ಅವರ ಮಾತು ಸುಳ್ಳಾಗಲಿಲ್ಲ. ನಾವು ಜೈನರು, ನಮ್ಮ ಅವ್ವನ ಊಟ ಹೊತ್ತು ಮುಳುಗುವ ಮುಂಚೆಯೇ ಮುಗಿಯುತ್ತದೆ. ಒಂದು ಸಂಜೆ ಪೇಟೆಯಿಂದ ಬೇಗ ಬಂದಾಗ ನೋಡುತ್ತೇನೆ, ಅವ್ವ ಕೈ ತೊಳೆದು ಬಂದು ಸಿಲಿಂಡರಿನ ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸುತ್ತಿದ್ದಾಳೆ. ದಿನಾಲೂ ಹೀಗೇ ಬಂದ್ ಮಾಡಿ, ಬೆಳಿಗ್ಗೆ ಪೂಜೆಯಾದ ಮೇಲೆ ತೆಗೆಯುತ್ತಿದ್ದಳಂತೆ.

"ಹೊತ್ತು ಮುಳಗಿದ ಮ್ಯಾಲ ನಮ್ಮ ಮನ್ಯಾಗ ಯಾರೂ ಏನೂ ತಿನ್ನಂಗಿಲ್ಲ" ಎಂದಳು. "ಅವೂ ನಮ್ಮ ಮನಿವ ಅಲ್ಲೇನು?"

ನನಗೆ ಸಿಟ್ಟೂ ಬಂತು, ಅವಳ ಮೇಲೆ ಪ್ರೀತಿಯೂ ಉಕ್ಕಿತು. ವಾದ ಮಾಡಿ ಅವ್ವನನ್ನು ಗೆದ್ದವರಿಲ್ಲ. ಆದರೆ ಹವಳ ಉಳಿಯಬೇಕಲ್ಲ.

"ಅವ್ವಾ, ಅದು ಊಟ ಅಲ್ಲ, ಔಷಧ. ತಪ್ಪಿಸಿದ್ರ ಸಾಯ್ತಾವ."

ಅವ್ವ ಸ್ವಲ್ಪ ಯೋಚಿಸಿ, ತಾನೇ ನಲ್ಲಿ ತೆಗೆದಳು. ಗುಳ್ಳೆಗಳು ಮತ್ತೆ ಏಳತೊಡಗಿದವು, ನನಗೂ ಜೀವ ಬಂದಂತಾಯಿತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ಔಷಧ ಅಂದ್ರ ಮನ್ಯಾಗ ಆರಾಮಿಲ್ಲದವರು ಅದಾರ ಅಂತಾತು. ಮತ್ತ ಕಾಕಾ ತಂದ ಮೋಸಂಬಿ ಯಾಕ ವಾಪಸ್ ಕೊಟ್ಟಿ?"