ಬಡಗಿಯ ಟರ್ಬೊ ಡೀಸೆಲ್

ಬಡಗಿಯ ಹೆಂಡತಿ ಆ ಕಾರಿಗೆ ಸವತಿ ಎಂದೇ ಹೆಸರಿಟ್ಟಿದ್ದಳು. ಹದಿನೆಂಟು ವರ್ಷ ಅಂದರೆ ಮನುಷ್ಯರಿಗೆ ಏರುಪ್ರಾಯ, ಟರ್ಬೊ ಡೀಸೆಲ್ ಕಾರಿಗೆ ಮುಪ್ಪು. ಬೆಳಿಗ್ಗೆ ಅದನ್ನು ಚಾಲೂ ಮಾಡಿದರೆ ಎದುರುಮನೆಯಾಕೆ ಒಣಹಾಕಿದ ಬಟ್ಟೆ ಎತ್ತಿಕೊಂಡು ಒಳಗೋಡುತ್ತಿದ್ದಳು. ಆದರೂ ಬಡಗಿಗೆ ಅದರ ಮೇಲೆ ಪಂಚಪ್ರಾಣ. ಸ್ವಂತ ಮರಗೆಲಸದ ಅಂಗಡಿ ತೆರೆದ ವರ್ಷ ತಂದ ಗಾಡಿ ಅದು. ಎಷ್ಟು ಕುರ್ಚಿ, ಎಷ್ಟು ಕಿಟಕಿ ಬಾಗಿಲು ಅದರ ಬೆನ್ನೇರಿ ಊರು ಸುತ್ತಿದ್ದವೋ. ಹೆಂಡತಿಯ ತಕರಾರು ಏನೆಂದರೆ, ವಾರಕ್ಕೆರಡು ಸಲ ಅದಕ್ಕೆ ಸ್ನಾನ ಮಾಡಿಸುವ ಮಹಾನುಭಾವ ಮನೆಯ ನೀರಿನ ತೊಟ್ಟಿ ತೊಳೆದು ಮೂರು ವರ್ಷವಾಗಿತ್ತು.

ಸಮಸ್ಯೆ ಶುರುವಾಗಿದ್ದು ಅತ್ತೆಯಿಂದ. (ಹೆಂಡತಿಯ ಎದುರು ಬಡಗಿ ಈ ವಾಕ್ಯವನ್ನು ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ.) ಅಷ್ಟು ವರ್ಷ ಪಕ್ಕದ ಬೀದಿಯಲ್ಲಿದ್ದ ಅತ್ತೆ, ಹೋದ ವರ್ಷ ಗಾಳಿ ಚೆನ್ನಾಗಿದೆ ಎಂದು ಊರಾಚೆಯ ಗುಡ್ಡದ ಮೇಲೆ ಮನೆ ಮಾಡಿದರು. ತಿಂಗಳಿಗೊಮ್ಮೆ ಅವರನ್ನು ಮಂಡಿನೋವಿನ ಡಾಕ್ಟರ ಬಳಿ ಕರೆದೊಯ್ದು ವಾಪಸ್ ಬಿಡುವುದು ಬಡಗಿಯ ಪಾಲಿನ ಕೆಲಸ. ಊರೊಳಗಿನ ಸಮತಟ್ಟು ರಸ್ತೆಯಲ್ಲಿ ಗಾಂಭೀರ್ಯದಿಂದ ಓಡುತ್ತಿದ್ದ ಕಾರು ಗುಡ್ಡದ ಏರು ಕಂಡದ್ದೇ ಏದುಸಿರು ಬಿಡುತ್ತಿತ್ತು. ಹೋದ ತಿಂಗಳಂತೂ ಅರ್ಧ ಏರಿನಲ್ಲಿ ಭಾರ ಕಡಿಮೆ ಮಾಡಲೆಂದು ಅತ್ತೆಯನ್ನೇ ಇಳಿಸಬೇಕಾಯಿತು. ಅವರು ಆ ಮಂಡಿಯಲ್ಲೇ ಊರುಗೋಲು ಹಿಡಿದು ಹತ್ತಿ, ಬೀಗ ತೆಗೆದು, ಚಹಾಕ್ಕೆ ನೀರಿಟ್ಟ ಮೇಲೆ ಕಾರು ಬಾಗಿಲಿಗೆ ಬಂತು. ಅತ್ತೆ ಒಂದು ಮಾತೂ ಅನ್ನಲಿಲ್ಲ, ಅಳಿಯನಿಗೂ ಒಂದು ಲೋಟ ಕೊಟ್ಟರು.

ಅತ್ತೆ ಅನ್ನದೇ ಬಿಟ್ಟದ್ದನ್ನು ಹೆಂಡತಿ ಮನೆಗೆ ಬಂದು ಅಂದಳು. “ಮಂಡಿ ತೋರಿಸೋಕೆ ಹೋದೋರನ್ನ ಗುಡ್ಡ ಹತ್ತಿಸಿದ ಅಳಿಯ ಪ್ರಪಂಚದಲ್ಲಿ ನೀವೊಬ್ರೇ. ಇನ್ನೊಂದ್ಸಲ ನಮ್ಮಮ್ಮ ಆ ಏರಲ್ಲಿ ಕಾಲು ಕೆಳಗಿಟ್ರೆ, ಮಾರನೇ ದಿನ ಈ ಸವತಿ ಗುಜರಿಗೆ.”

“ಗಾಡಿಗೆ ಸ್ವಲ್ಪ ಶಕ್ತಿ ಕಮ್ಮಿಯಾಗಿದೆ ಅಷ್ಟೆ. ಔಷಧಿ ಕೊಡಿಸಿದ್ರೆ ಸರಿಹೋಗುತ್ತೆ.”

“ನನಗೂ ಶಕ್ತಿ ಕಮ್ಮಿಯಾಗಿದೆ. ನನಗ್ಯಾವಾಗ ಔಷಧಿ ಕೊಡ್ಸಿದ್ರಿ?”

ಹೀಗೆ ಬಡಗಿ ಕಾರಿನ ಪ್ರಾಣಭಿಕ್ಷೆ ಬೇಡುತ್ತ ಮೆಕ್ಯಾನಿಕ್ಕಿನ ಬಾಗಿಲಿಗೆ ಹೋದ. ಪೇಟೆಯವರು ಆ ಮೆಕ್ಯಾನಿಕ್ಕನ್ನು ಸರ್ಜನ್ ಎಂದು ಕರೆಯುತ್ತಿದ್ದರು. ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದ.

“ಟರ್ಬೊ ಅಂದ್ರೆ ಇಷ್ಟೇ. ಹೊಗೆ ಹೊರಗೆ ಹೋಗೋ ರಭಸಕ್ಕೆ ಒಂದು ಚಕ್ರ ತಿರುಗುತ್ತೆ, ಆ ಚಕ್ರ ಇಂಜಿನ್ನಿಗೆ ಗಾಳಿ ತುರುಕುತ್ತೆ. ಗಾಳಿ ಜಾಸ್ತಿ ಆದ್ರೆ ಡೀಸೆಲ್ಲೂ ಜಾಸ್ತಿ ಉರೀಬಹುದು. ನಿಮ್ಮ ಗಾಡಿಗೆ ಉಸಿರು ಕಟ್ಟಿದೆ. ನನಗೆ ಮೂರು ವಾರ ಬಿಡಿ.”

ಶಸ್ತ್ರಚಿಕಿತ್ಸೆ ಸಾಂಗವಾಗಿ ನಡೆಯಿತು. ಗಾಳಿಯ ಪೈಪಿನಲ್ಲಿದ್ದ ಬಿರುಕು ಹೋಯಿತು, ಹೊಸ ಫಿಲ್ಟರ್ ಬಂತು. ಗಾಳಿಯನ್ನು ತಣಿಸುವ ಇಂಟರ್‌ಕೂಲರಿನಿಂದ ಒಂದು ಬಟ್ಟಲು ಜಿಡ್ಡು ಹೊರಬಿತ್ತು. ಕೊನೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದನ್ನು ತಂತಿಗಳ ನಡುವೆ ಸಿಕ್ಕಿಸಿ, ಇದು ಕಾರಿನ ಕಂಪ್ಯೂಟರಿಗೆ ಸುಳ್ಳು ಹೇಳಿ ಹೆಚ್ಚು ಡೀಸೆಲ್ ಹಾಕಿಸುತ್ತದೆ ಎಂದು ಸರ್ಜನ್ ಪಿಸುಗುಟ್ಟಿದ. ಇದಕ್ಕೆಲ್ಲ ಪ್ರತಿಯಾಗಿ ಬಡಗಿ ಅವನ ಗ್ಯಾರೇಜಿಗೆ ಹದಿನೆಂಟು ಡ್ರಾಗಳ ಸಾಮಾನಿನ ಬೀರು ಮಾಡಿಕೊಟ್ಟ. ಮನೆಯ ಅಡುಗೆಕೋಣೆಯ ಕಪಾಟಿನ ಬಾಗಿಲು ಎರಡು ವರ್ಷದಿಂದ ಒಂದೇ ತಿರುಪಿನಲ್ಲಿ ನೇತಾಡುತ್ತಿತ್ತು ಎಂಬುದನ್ನು ಹೆಂಡತಿ ಆ ಮೂರು ವಾರದಲ್ಲಿ ಮೂವತ್ತು ಸಲವಾದರೂ ಸೂಚ್ಯವಾಗಿ ಹೇಳಿದಳು. (ಸೂಚ್ಯವಾಗಿ ಅಂದರೆ, ಆ ಬಾಗಿಲನ್ನು ಕಿತ್ತು ತಂದು ಅವನ ದಿಂಬಿನ ಮೇಲಿಟ್ಟು.)

ಕಾರು ಕೈಸೇರಿದ್ದು ಡಾಕ್ಟರ ಭೇಟಿಯ ಹಿಂದಿನ ಸಂಜೆ. ಗುಡ್ಡದ ಮೇಲೆ ಪರೀಕ್ಷಿಸಲು ಹೊತ್ತಿರಲಿಲ್ಲ. ಬಡಗಿ ಮುನ್ನೆಚ್ಚರಿಕೆಗೆಂದು ಸ್ಟೆಪ್ನಿ ಇಳಿಸಿದ, ಜಾಕ್ ಇಳಿಸಿದ, ಕೊಡೆಯನ್ನೂ ಇಳಿಸಿದ.

“ನಿನ್ನ ಕೈಚೀಲ ಮನೇಲೇ ಬಿಟ್ರೆ ಆಗಲ್ವಾ?” ಎಂದು ಹೆಂಡತಿಯನ್ನು ಕೇಳಿದ.

“ನನ್ನನ್ನೇ ಬಿಟ್ಟೋಗಿ. ಇನ್ನೂ ಹಗುರ ಆಗುತ್ತೆ.”

ಮರುದಿನ ಡಾಕ್ಟರನ್ನು ಕಂಡು, ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಡಗಿ ಗುಡ್ಡದ ಬುಡಕ್ಕೆ ಬಂದ. ಕಾರು ಮೊದಲ ತಿರುವು ಸಲೀಸಾಗಿ ಹತ್ತಿತು. ಎರಡನೆಯ ತಿರುವೂ ಹತ್ತಿತು. ಗೆದ್ದೆ ಎಂದು ಹೆಂಡತಿಯ ಕಡೆ ನೋಡುವಷ್ಟರಲ್ಲಿ, ಕಡಿದಾದ ಜಾಗದಲ್ಲಿ ಇಂಜಿನ್ ಗೊರಗೊರ ಎಂದು ನಿಂತೇಹೋಯಿತು. ಬಡಗಿ ಪೆಡಲನ್ನು ಹಲ್ಲು ಕಚ್ಚಿ ಒತ್ತಿದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತು.

“ನಾನು ಇಳೀಲಾ?” ಎಂದರು ಅತ್ತೆ, ಊರುಗೋಲು ತಡಕುತ್ತ.

“ಬೇಡಿ ಅತ್ತೆ, ದಯವಿಟ್ಟು ಇಳೀಬೇಡಿ,” ಎಂದು ಬಡಗಿ ಬೇಡಿಕೊಂಡ. ಹೆಂಡತಿಗೆ ಹೇಳಿದ: “ಹ್ಯಾಂಡ್‌ಬ್ರೇಕ್ ನಂಬೋ ಹಾಗಿಲ್ಲ. ನೀನಿಲ್ಲಿ ಕೂತು ಬ್ರೇಕ್ ತುಳಿ, ನಾನು ಚಕ್ರಕ್ಕೆ ಕಲ್ಲು ಕೊಡ್ತೀನಿ.”

ಅವನು ಕಲ್ಲು ಹುಡುಕಿ ಹಿಂದಿನ ಚಕ್ರಕ್ಕೆ ಕೊಟ್ಟು ಬರುವಷ್ಟರಲ್ಲಿ ಹೆಂಡತಿ ಬಗ್ಗಿ ಪೆಡಲುಗಳ ಕೆಳಗೆ ಕೈಹಾಕಿದ್ದಳು. “ಆಕ್ಸಿಲರೇಟರ್ ಅರ್ಧಕ್ಕೇ ನಿಲ್ಲುತ್ತಲ್ರೀ. ಕೆಳಗೇನೋ ಗಟ್ಟಿಯಾಗಿದೆ.” ಇಪ್ಪತ್ತೆರಡು ವರ್ಷ ಬಡಗಿಯ ಜೊತೆ ಸಂಸಾರ ಮಾಡಿದವಳು, ಮೊಳೆಯಿಲ್ಲದೆ ಕೂರಿಸಿದ ಮರವನ್ನು ಎಲ್ಲಿ ತಟ್ಟಿದರೆ ಜಾರುತ್ತದೆ ಎಂದು ಅವಳಿಗೆ ಗೊತ್ತು. ಚಪ್ಪಲಿಯ ಹಿಮ್ಮಡಿಯಿಂದ ಎರಡು ಸಲ ತಟ್ಟಿದಳು. ಕೈಗೆ ಬಂದದ್ದು ಕರಿಮರದ ತುಂಡು, ಅಂಚು ಉಜ್ಜಿ, ಪಾಲಿಶ್ ಕೊಟ್ಟು, ತಗ್ಗಿಗೆ ತಕ್ಕ ಹಾಗೆ ಕೊರೆದದ್ದು. (ಆಮೇಲೆ ವಿಚಾರಿಸಿದಾಗ ಸರ್ಜನ್, “ಅದನ್ನ ನೋಡಿದ್ದೆ. ಕಂಪನಿಯವರೇ ಕೊಟ್ಟಿದ್ದು ಅಂದ್ಕೊಂಡೆ, ಅಷ್ಟು ಚೆನ್ನಾಗಿ ಕೂತಿತ್ತು,” ಎಂದ.)

ಮಾಡಿದ ಪ್ರತಿ ತುಂಡಿನ ತಳಕ್ಕೂ ಅದು ಎಲ್ಲಿಗೆ, ಯಾತಕ್ಕೆ ಎಂದು ಪೆನ್ಸಿಲ್ಲಿನಲ್ಲಿ ಬರೆಯುವುದು ಬಡಗಿಯ ಪದ್ಧತಿ. ಹೆಂಡತಿ ಅದನ್ನು ಮಗುಚಿ ಗಟ್ಟಿಯಾಗಿ ಓದಿದಳು: “ಇವಳ ಕಾಲಿಗೆ. ವೇಗ ನಲವತ್ತು ದಾಟಬಾರದು.”

ಬಡಗಿಗೆ ಎಲ್ಲವೂ ಒಟ್ಟಿಗೇ ನೆನಪಾಯಿತು. ಎಂಟು ವರ್ಷದ ಹಿಂದೆ ಅವಳು ಮೊದಲ ಪ್ರಯತ್ನದಲ್ಲೇ ಲೈಸೆನ್ಸ್ ತಂದು, ಈ ಕಾರು ಓಡಿಸುತ್ತೇನೆ ಎಂದಿದ್ದಳು. ಗಾಡಿಗೆ ಪೆಟ್ಟಾದೀತೆಂಬ ಭಯಕ್ಕೆ ಅವನು ಹೇಳದೆ ಕೇಳದೆ ಇದನ್ನು ಮಾಡಿ ಕೂರಿಸಿದ್ದ. ಅವಳು ಮೂರೇ ದಿನಕ್ಕೆ ಓಡಿಸುವುದನ್ನು ಬಿಟ್ಟಳು. ತೆಗೆಯಬೇಕೆಂಬುದು ಅವನಿಗೆ ಮರೆತೇಹೋಯಿತು. ಅವನೋ ನಿಧಾನವೇ ಪ್ರಧಾನ ಎನ್ನುವ ಜಾತಿ, ಸಮತಟ್ಟು ರಸ್ತೆಗೆ ಅರ್ಧ ಪೆಡಲೇ ಧಾರಾಳ.

“ಆವತ್ತು ಹಿಂದುಗಡೆ ಲಾರಿಗಳೆಲ್ಲ ಹಾರನ್ ಹೊಡೀತಿದ್ವು,” ಎಂದಳು ಅವಳು ಮೆಲ್ಲಗೆ. “ನಾನು ಜೀವ ಬಿಟ್ಟು ಒತ್ತಿದ್ರೂ ಮುಂದಕ್ಕೆ ಹೋಗ್ಲಿಲ್ಲ. ನಿನ್ನ ಕಾಲಲ್ಲಿ ಧೈರ್ಯ ಇಲ್ಲ ಅಂದ್ರಿ ನೀವು. ಎಂಟು ವರ್ಷ ನಾನು ಅದನ್ನೇ ನಂಬ್ಕೊಂಡಿದ್ದೆ.”

ಬಡಗಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. “ತಪ್ಪಾಯ್ತು ಕಣೇ,” ಎಂದ.

ಅತ್ತೆ ಆ ತುಂಡನ್ನು ಇಸಿದುಕೊಂಡು ಅಂಚು ಸವರಿ ನೋಡಿದರು. “ಅಳಿಯಂದಿರ ಕೆಲಸ ಅಂದ್ರೆ ಅಚ್ಚುಕಟ್ಟು. ಎಂಟು ವರ್ಷ ಆದ್ರೂ ಅಲ್ಲಾಡಿಲ್ಲ.”

“ಕಲ್ಲು ತೆಗೀರಿ,” ಎಂದಳು ಹೆಂಡತಿ.

“ನಾನು ಓಡಿಸ್ತೀನಿ, ನೀನು ಆ ಕಡೆ...”

“ಕಲ್ಲು ತೆಗೀರಿ ಅಂದೆ.”

ಅವಳು ಮತ್ತೆ ಚಾಲೂ ಮಾಡಿದಳು, ಅವನು ಕಲ್ಲು ತೆಗೆದ. ಎಂಟು ವರ್ಷದ ಅರೆಹೊಟ್ಟೆಯ ಮೇಲೆ ಸರ್ಜನ್‌ನ ಮೂರು ವಾರದ ಔಷಧಿ ಬಿದ್ದಿದ್ದ ಇಂಜಿನ್, ಪೆಡಲು ತಳಮುಟ್ಟಿದ್ದೇ ತಡ, ಬಡಗಿಯ ಮುಖಕ್ಕೆ ಒಂದು ಕಪ್ಪು ಮೋಡ ಉಗುಳಿ ತಿರುವಿನಲ್ಲಿ ಮಾಯವಾಯಿತು. ಅವನು ಮುಖ ಒರೆಸಿಕೊಂಡು ನಡೆಯತೊಡಗಿದ. ಇನ್ನೂ ಕಾಲುಭಾಗ ಹತ್ತಿರಲಿಲ್ಲ, ಕಾರು ಮೇಲಿನಿಂದ ಇಳಿದು ಬಂತು. ಅತ್ತೆಯನ್ನು ಬಾಗಿಲಲ್ಲಿ ಇಳಿಸಿ ತನ್ನನ್ನು ಕರೆದೊಯ್ಯಲು ಬಂದಳೆಂದು ಬಡಗಿಯ ಕಣ್ಣು ತೇವವಾಯಿತು. ಅವಳು ಹಾರನ್ ಹೊಡೆದು ಕೆಳಗೆ ಹೋದಳು. ಬುಡದಲ್ಲಿ ತಿರುಗಿಸಿಕೊಂಡು ಮತ್ತೆ ಮೇಲೆ ಬಂದಳು. ಅವನು ರಸ್ತೆ ಮಧ್ಯೆ ನಿಂತು ಕೈಯಡ್ಡ ಮಾಡಿದ. ಅವಳು ಅವನನ್ನು ಬಳಸಿಕೊಂಡು ಹೋಗುತ್ತ ಕಿಟಕಿಯಿಂದ ಕೂಗಿದಳು:

“ಏರಲ್ಲಿ ಮಧ್ಯೆ ನಿಲ್ಲಿಸಬಾರ್ದು, ಮತ್ತೆ ಎತ್ತೋದು ಕಷ್ಟ. ನೀವೇ ಹೇಳ್ಕೊಟ್ಟಿದ್ದು.”

ಅವಳು ಮೂರನೆಯ ಸಲ ಇಳಿದು ಬರುವ ಹೊತ್ತಿಗೆ ಬಡಗಿ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುವುದನ್ನು ಕಲಿತಿದ್ದ.